ನೋವು ಯಾವ ಹೊತ್ತಿಗೆ ಬಂತು? ಒಬ್ಬರೇ ರೋಗಿಯ ಎರಡು ಪೊರೆ ಆಪರೇಷನ್‌ಗಳ ಪ್ರಕರಣ

ಪೊರೆ ಆಪರೇಷನ್ ಕಲಿಯಲು ಬರುವ ಕಿರಿಯ ವೈದ್ಯರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಕಣ್ಣು ಮರಗಟ್ಟಿಸಲು ಯಾವುದು ಒಳ್ಳೆಯದು? ಪ್ರೊಪಾರಕೇನ್ ಹನಿಯಾ, ಟೆಟ್ರಾಕೇನಾ, ಲಿಡೋಕೇನ್ ಜೆಲ್ಲಿಯಾ? ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು ಎಂದು ನನಗೆ ಮನದಟ್ಟಾಗಿದ್ದು ಇಲ್ಲಿ ಬರೆಯುತ್ತಿರುವ ಪ್ರಕರಣದಿಂದ.

ರೋಗಿಯ ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಾರ್ಡಿನಲ್ಲಿ ಎಲ್ಲರೂ ಅವರನ್ನು ‘ಅಮ್ಮ’ ಎನ್ನುತ್ತಿದ್ದರು. ಇಲ್ಲೂ ಹಾಗೇ ಕರೆಯುತ್ತೇನೆ.

ಹಿನ್ನೆಲೆ

ಅಮ್ಮನಿಗೆ ಅರವತ್ತರ ಆಸುಪಾಸು. ಮಧ್ಯ ಕರ್ನಾಟಕದ ಒಂದು ಸಣ್ಣ ಪಟ್ಟಣದಲ್ಲಿ ಮನೆ. ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಚಿಕ್ಕಂದಿನಿಂದ ದಪ್ಪ ಕನ್ನಡಕ, ಎರಡೂ ಕಣ್ಣಿಗೆ ಮೈನಸ್ 9ರ ಹತ್ತಿರ. ಶುಗರ್ ಇತ್ತು, ಹತೋಟಿಯಲ್ಲಿತ್ತು. ಹೃದಯಕ್ಕೆ ಸ್ಟೆಂಟ್ ಹಾಕಿದ್ದರಿಂದ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಮಾತ್ರೆ ನಡೆಯುತ್ತಿತ್ತು. ಎರಡೂ ಕಣ್ಣಿನಲ್ಲಿ ಪೊರೆ ಬಂದು, ಸೂಜಿಗೆ ದಾರ ಪೋಣಿಸುವುದು ಕಷ್ಟವಾದ ಮೇಲೆ ಮಗಳು ಕರೆದುಕೊಂಡು ಬಂದಿದ್ದರು.

ಅಳತೆ ತೆಗೆದಾಗ ಕಣ್ಣುಗುಡ್ಡೆಯ ಉದ್ದ 27 ಮಿಲಿಮೀಟರ್ ದಾಟಿತ್ತು. ಸಾಮಾನ್ಯವಾಗಿ ಇದು 23, 24ರ ಸುತ್ತ ಇರುತ್ತದೆ. ಮೈನಸ್ ನಂಬರ್ ಜಾಸ್ತಿ ಇರುವವರ ಕಣ್ಣು ಹೀಗೆ ಉದ್ದವಾಗಿರುತ್ತದೆ, ಅದರ ಗೋಡೆ ತೆಳುವಾಗಿರುತ್ತದೆ. ಈ ಒಂದು ಸಂಖ್ಯೆ ಮುಂದಿನ ಕಥೆಗೆಲ್ಲ ಮುಖ್ಯ.

ಕಣ್ಣಿನ ಸುತ್ತ ಸೂಜಿಯಿಂದ ಔಷಧ ಕೊಡುವ ಬ್ಲಾಕ್‌ನಲ್ಲಿ ಕಣ್ಣು ಅಲ್ಲಾಡುವುದಿಲ್ಲ, ನೋವೂ ಚೆನ್ನಾಗಿ ಹೋಗುತ್ತದೆ. ಆದರೆ ಉದ್ದದ ಕಣ್ಣಿನಲ್ಲಿ ಸೂಜಿ ಗುಡ್ಡೆಗೆ ತಾಗುವ ಅಪಾಯ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕಣ್ಣಿನ ಹಿಂದೆ ರಕ್ತ ಕಟ್ಟಿಕೊಳ್ಳುವ ಭಯವೂ ಇದೆ. ಸ್ಟೆಂಟ್ ಇರುವವರಿಗೆ ಪೊರೆ ಆಪರೇಷನ್‌ಗಾಗಿ ಮಾತ್ರೆ ನಿಲ್ಲಿಸುವುದು ಇನ್ನೂ ಅಪಾಯ. ಆದ್ದರಿಂದ ಸೂಜಿ ಬೇಡ, ಹನಿ ಹಾಕಿಯೇ ಫೇಕೋ (ಸಣ್ಣ ಗಾಯದ ಮೂಲಕ ಅಲ್ಟ್ರಾಸೌಂಡ್ ಸಲಕರಣೆಯಿಂದ ಪೊರೆಯನ್ನು ಪುಡಿಮಾಡಿ ತೆಗೆಯುವ ಆಪರೇಷನ್) ಮಾಡುವುದು ಎಂದು ತೀರ್ಮಾನವಾಯಿತು. ಆ ತೀರ್ಮಾನ ಸರಿಯಾಗಿತ್ತು ಎಂದೇ ಈಗಲೂ ನನ್ನ ನಿಲುವು.

ಹನಿಯ ಚರಿತ್ರೆ ಸೂಜಿಗಿಂತ ಹಳೆಯದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ದ್ರಾವಣವನ್ನು ಕಣ್ಣಿಗೆ ಹಾಕಿ ಮರಗಟ್ಟಿಸಬಹುದೆಂದು ತೋರಿಸಿದರು. ಸ್ಥಳೀಯವಾಗಿ ನೋವು ತಡೆದು ಆಪರೇಷನ್ ಮಾಡುವ ಪದ್ಧತಿಯೇ ಅಲ್ಲಿಂದ ಶುರು. ಕೊಕೇನ್ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಒಳ್ಳೆಯದಲ್ಲವಾದ್ದರಿಂದ ಸೂಜಿಯ ಬ್ಲಾಕ್‌ಗಳು ಮುಂದೆ ಬಂದವು. ದಾವಣಗೆರೆ ಕಡೆಯ ಹಳಬರಿಗೆ ಕಣ್ಣಿನ ವೈದ್ಯ ಡಾ. ಎಂ. ಸಿ. ಮೋದಿಯವರ ಶಿಬಿರಗಳ ನೆನಪು ಇನ್ನೂ ಇದೆ. ಆ ಕಾಲದ ಪೊರೆ ಆಪರೇಷನ್‌ಗೆ ದೊಡ್ಡ ಗಾಯ, ಆಮೇಲೆ ದಿನಗಟ್ಟಲೆ ಪಟ್ಟಿ. ಫೇಕೋ ಬಂದು ಗಾಯ ಎರಡು ಮೂರು ಮಿಲಿಮೀಟರ್‌ಗೆ ಇಳಿದ ಮೇಲೆ, 1990ರ ದಶಕದಲ್ಲಿ ಹನಿ ಮತ್ತೆ ಚಾಲ್ತಿಗೆ ಬಂತು.

ಮೊದಲ ಕಣ್ಣು

ಬಲಗಣ್ಣಿಗೆ ಪ್ರೊಪಾರಕೇನ್ 0.5% ಹನಿಯನ್ನು ಕೆಲವು ನಿಮಿಷಗಳ ಅಂತರದಲ್ಲಿ ಹಾಕಿ ಆಪರೇಷನ್ ಮಾಡಲಾಯಿತು. ಅಮ್ಮ ಅಲ್ಲಾಡಲಿಲ್ಲ. ಒಂದು ಮಾತೂ ಆಡಲಿಲ್ಲ. ಲೆನ್ಸ್ ಸರಿಯಾಗಿ ಕೂತಿತು. ಹೊರಗೆ ಕರೆತಂದಾಗ ಸಿಸ್ಟರ್ “ನೋವಾಯ್ತಾ ಅಮ್ಮಾ?” ಎಂದು ಕೇಳಿದರು. “ಇಲ್ಲ ಕಣಮ್ಮ” ಎಂಬ ಉತ್ತರ ಬಂತು. ಹಾಳೆಯಲ್ಲಿ ‘ನೋವು: ಇಲ್ಲ’ ಎಂದು ದಾಖಲಾಯಿತು. ಮರುದಿನ ದೃಷ್ಟಿ ಚೆನ್ನಾಗಿತ್ತು.

ಕಾಗದದ ಮೇಲೆ ಇದು ಯಶಸ್ವಿ ಪ್ರಕರಣ. ಇಲ್ಲಿಗೇ ಫೈಲ್ ಮುಚ್ಚಬಹುದಿತ್ತು.

ಸಮಸ್ಯೆ

ಎಡಗಣ್ಣಿಗೆ ದಿನ ಕೊಟ್ಟಿದ್ದೆವು. ಅಮ್ಮ ಬರಲಿಲ್ಲ. ಫೋನ್ ಮಾಡಿದರೆ ಹಬ್ಬ ಎಂದರು. ಇನ್ನೊಂದು ದಿನ ಕೊಟ್ಟರೆ ನೆಂಟರು ಬಂದಿದ್ದಾರೆ ಎಂದರು. ಕೊನೆಗೆ ಮಗಳು ಕನ್ನಡಕದ ನೆಪ ಮಾಡಿ ಕರೆದುಕೊಂಡು ಬಂದು, ನಮ್ಮನ್ನು ಬದಿಗೆ ಕರೆದು ಹೇಳಿದರು: “ಮೇಡಂ, ಅಮ್ಮ ಇನ್ನೊಂದು ಕಣ್ಣಿಗೆ ಒಪ್ತಾ ಇಲ್ಲ. ಆವತ್ತು ಜೀವ ಹೋದ ಹಾಗಾಯ್ತು ಅಂತಾರೆ.”

ಸುಮ್ನೆ ಮುಂದಕ್ಕೆ ಹಾಕುವ ಸ್ಥಿತಿ ಅದಾಗಿರಲಿಲ್ಲ. ಒಂದು ಕಣ್ಣಿನ ನಂಬರ್ ಬಹುಪಾಲು ಇಳಿದಿತ್ತು, ಇನ್ನೊಂದು ಹಾಗೇ ಮೈನಸ್ 9ರಲ್ಲಿ ಇತ್ತು. ಇಷ್ಟು ವ್ಯತ್ಯಾಸವನ್ನು ಕನ್ನಡಕದಿಂದ ಸರಿದೂಗಿಸಲು ಆಗುವುದಿಲ್ಲ. ಎರಡು ಕಣ್ಣಿಗೆ ಎರಡು ಅಳತೆಯ ಚಿತ್ರ ಕಾಣುತ್ತದೆ, ತಲೆ ಸುತ್ತುತ್ತದೆ. ಅಮ್ಮ ಎಡಗಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು ಹೊಲಿಯುತ್ತಿದ್ದರು. ಅರ್ಧ ಮುಗಿದ ಚಿಕಿತ್ಸೆ ಅವರ ದುಡಿಮೆಗೇ ಅಡ್ಡ ಬಂದಿತ್ತು.

ಹಾಳೆಯಲ್ಲಿ ‘ಇಲ್ಲ’ ಎಂದಿದ್ದ ನೋವು ಮನೆಯಲ್ಲಿ ‘ಜೀವ ಹೋದ ಹಾಗೆ’ ಹೇಗಾಯಿತು? ಕೂರಿಸಿಕೊಂಡು ನಿಧಾನವಾಗಿ ಕೇಳಿದೆವು. ಆಪರೇಷನ್‌ಗೆ ಮುಂಚೆ ಅವರಿಗೆ ಹೇಳಿದ್ದು ಒಂದೇ ಮಾತು: ಅಲ್ಲಾಡಬಾರದು, ಮಾತಾಡಬಾರದು. ಅವರು ಅದನ್ನು ಅಕ್ಷರಶಃ ಪಾಲಿಸಿದ್ದರು. ನೋವಾದರೆ ಹೇಳಬಹುದು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಮುಗಿದ ಮೇಲೆ ಸಿಸ್ಟರ್ ಕೇಳಿದಾಗ ನೋವು ನಿಂತಿತ್ತು, ಇಲ್ಲ ಎಂದಿದ್ದರು. ಜೊತೆಗೆ, ಒಳ್ಳೆಯದು ಮಾಡಿದವರ ಮುಂದೆ ನೋವಾಯ್ತು ಅಂದರೆ ಬೇಜಾರು ಮಾಡಿಕೊಂಡಾರು ಎಂಬ ಸಂಕೋಚ. ನಮ್ಮ ಹಳ್ಳಿ ಕಡೆಯ ಹಿರಿಯರಲ್ಲಿ ಇದು ಸಾಮಾನ್ಯ, ಅಲ್ವಾ? ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನೋವಿನ ದಾಖಲೆಯನ್ನು ನಾನು ನಂಬುವುದಿಲ್ಲ.

ನೋವು ಅಳೆಯುವ ಅಂಕಿಯ ಗೆರೆ ತೋರಿಸಿದರೆ ಅಮ್ಮನಿಗೆ ಅರ್ಥವಾಗಲಿಲ್ಲ. ಸಿಸ್ಟರ್ ಒಂದು ದಾರಿ ಹುಡುಕಿದರು. “ತಡೆಯೋಕೇ ಆಗದ ನೋವು ಹತ್ತು ರೂಪಾಯಿ ಅಂದ್ಕೊಳ್ಳಿ. ಆವತ್ತಿಂದು ಎಷ್ಟು ರೂಪಾಯಿ?” ಅಮ್ಮ ಯೋಚಿಸಿ, “ಹೆರಿಗೇದು ಹತ್ತು. ಇದು ಏಳು” ಎಂದರು. ಆಮೇಲೆ ಅವರೇ ಸೇರಿಸಿದರು: “ಪೂರ್ತಿ ಹೊತ್ತು ಅಲ್ಲ. ನೀರು ಬಿಟ್ಟಂಗಾಯ್ತು ನೋಡಿ, ಆಗ ಕಣ್ಣನ್ನ ಒಳಕ್ಕೆ ಹಿಡಿದು ಜಗ್ಗಿದಂಗಾಯ್ತು.”

ಈ ಪ್ರಕರಣ ತಿರುಗಿದ್ದು ಈ ಮಾತಿನಿಂದ. ಅಲ್ಲಿಯವರೆಗೆ ನಮ್ಮ ಯೋಚನೆ, ಪ್ರೊಪಾರಕೇನ್ ಸಾಲಲಿಲ್ಲ, ಬೇರೆ ಹನಿ ನೋಡೋಣ ಎಂಬಷ್ಟೇ ಇತ್ತು. ಬಾಟಲಿಯ ಮೇಲೂ ಅನುಮಾನವಿತ್ತು, ಏಕೆಂದರೆ ಈ ಹನಿಯನ್ನು ಫ್ರಿಜ್‌ನಲ್ಲಿ ಇಡಬೇಕು, ಬಣ್ಣ ತಿರುಗಿದರೆ ಬಳಸಬಾರದು. ವಿಚಾರಿಸಿದೆವು, ಬಾಟಲಿ ಸರಿಯಾಗಿಯೇ ಇತ್ತು. ಈಗ ಅಮ್ಮ ನೋವಿನ ಗಳಿಗೆಯನ್ನೇ ತೋರಿಸಿಕೊಟ್ಟಿದ್ದರು. ಆಪರೇಷನ್‌ನ ವಿಡಿಯೋ ಇತ್ತು, ಮಾನಿಟರ್‌ನ ದಾಖಲೆಯೂ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನಾಡಿಬಡಿತ ಶುರುವಿನಲ್ಲಿ 76 ಇದ್ದದ್ದು ಒಂದು ಹಂತದಲ್ಲಿ ತಟ್ಟನೆ 108ಕ್ಕೆ ಏರಿತ್ತು. ಅದೇ ಹೊತ್ತಿಗೆ ವಿಡಿಯೋದಲ್ಲಿ ಫೇಕೋ ಸಲಕರಣೆ ಒಳಗೆ ಹೋಗಿ ದ್ರವ ಬಿಟ್ಟಾಗ, ಕಣ್ಣಿನ ಮುಂಭಾಗದ ಕೋಣೆ (ಕಾರ್ನಿಯಾದ ಹಿಂದಿನ ದ್ರವ ತುಂಬಿದ ಜಾಗ) ಒಮ್ಮೆಲೇ ಆಳವಾಗಿ, ಪಾಪೆ ಅಗಲವಾಗಿ, ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್ ಹಿಂದಕ್ಕೆ ಬಾಗಿತ್ತು.

ಉದ್ದದ ಕಣ್ಣುಗಳಲ್ಲಿ ಹೀಗಾಗುವುದು ತಿಳಿದ ವಿಷಯವೇ. ದ್ರವದ ಒತ್ತಡಕ್ಕೆ ಐರಿಸ್‌ನ ಅಂಚು ಮಸೂರವನ್ನು ಸುತ್ತಿರುವ ತೆಳು ಕವಚದ ಮೇಲೆ ಅಂಟಿ ಕೂರುತ್ತದೆ. ದ್ರವ ಹಿಂದಕ್ಕೆ ಹರಿಯಲು ದಾರಿ ಇರುವುದಿಲ್ಲ. ಮುಂದಿನ ಒತ್ತಡ ಐರಿಸ್ ಮತ್ತು ಮಸೂರ ಎರಡನ್ನೂ ಹಿಂದಕ್ಕೆ ತಳ್ಳುತ್ತದೆ. ಮಸೂರವನ್ನು ಹಿಡಿದಿರುವ ಎಳೆಗಳು ಜಗ್ಗಿ, ಆ ಎಳೆಗಳು ಅಂಟಿಕೊಂಡಿರುವ ಸಿಲಿಯರಿ ಭಾಗಕ್ಕೆ ನೋವು ತಾಗುತ್ತದೆ. ‘ಒಳಕ್ಕೆ ಹಿಡಿದು ಜಗ್ಗಿದಂಗೆ’ ಎಂದು ಅಮ್ಮ ಹೇಳಿದ್ದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಇದನ್ನು ಹೇಳಲಾರದು.

ಆಯ್ಕೆಗಳು

ಹನಿ ಕೆಲಸ ಮಾಡುವುದು ಮುಖ್ಯವಾಗಿ ಮೇಲ್ಮೈಯಲ್ಲಿ. ಕಾರ್ನಿಯಾ ಮತ್ತು ಬಿಳಿಯ ಭಾಗದ ಹೊರಪದರ ಮರಗಟ್ಟುತ್ತದೆ. ಐರಿಸ್, ಸಿಲಿಯರಿ ಭಾಗದವರೆಗೆ ಅದು ಅಷ್ಟಾಗಿ ತಲುಪುವುದಿಲ್ಲ. ಗಾಯ ಮಾಡುವಾಗ ನೋವಾದರೆ ಹನಿ ಬದಲಿಸುವುದರಲ್ಲಿ ಅರ್ಥವಿದೆ. ಒಳಗಿನ ನೋವಿಗೆ ಒಂದು ಹನಿಯ ಬದಲು ಇನ್ನೊಂದು ಹನಿ ಹಾಕಿದರೆ ಹೆಚ್ಚೇನೂ ಸಿಗುವುದಿಲ್ಲ.

ಆದರೂ ಒಂದೊಂದನ್ನೂ ತೂಗಿ ನೋಡಿದೆವು. ಪ್ರೊಪಾರಕೇನ್ ಅರ್ಧ ನಿಮಿಷದೊಳಗೆ ಹಿಡಿಯುತ್ತದೆ, ಹಾಕುವಾಗ ಉರಿ ಕಡಿಮೆ. ಆದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿಯತೊಡಗುತ್ತದೆ. ಟೆಟ್ರಾಕೇನ್ ಹಾಕುವಾಗ ಚುರುಗುಟ್ಟುತ್ತದೆ, ಮೊದಲೇ ಹೆದರಿದವರಿಗೆ ಅದು ಕೆಟ್ಟ ಆರಂಭ. ಬುಪಿವಕೇನ್, ರೋಪಿವಕೇನ್‌ಗಳನ್ನು ಹನಿಯಾಗಿ ಬಳಸುವವರಿದ್ದಾರೆ. ಅವು ಹೆಚ್ಚು ಹೊತ್ತು ಇರುತ್ತವೆ, ಆದರೆ ಸುಮಾರು ಕಾಲು ಗಂಟೆಯ ಆಪರೇಷನ್‌ಗೆ ಅಷ್ಟು ಹೊತ್ತು ಬೇಕಿಲ್ಲ. ಯಾವುದೇ ಹನಿಯನ್ನಾದರೂ ಪದೇ ಪದೇ ಹಾಕಿದರೆ ಕಾರ್ನಿಯಾದ ಮೇಲ್ಪದರ ಮಬ್ಬಾಗುತ್ತದೆ, ಸರ್ಜನ್‌ಗೇ ಒಳಗಿನದು ಸರಿಯಾಗಿ ಕಾಣುವುದಿಲ್ಲ. ಲಿಡೋಕೇನ್ 2% ಜೆಲ್ಲಿ ಇವುಗಳಿಗಿಂತ ಬೇರೆ ಥರ. ಅದು ಹರಿದು ಹೋಗದೆ ಕಣ್ಣಿನ ಮೇಲೆ ಕೂರುತ್ತದೆ. ಹಾಗಾಗಿ ಔಷಧ ಒಳಗೂ ಸ್ವಲ್ಪ ಜಾಸ್ತಿ ಸೇರುತ್ತದೆ, ಕಾರ್ನಿಯಾ ಒಣಗುವುದಿಲ್ಲ.

ಜೆಲ್ಲಿಯಲ್ಲಿ ಒಂದು ಎಚ್ಚರ ಬೇಕು, ಇದನ್ನು ಒತ್ತಿ ಹೇಳುತ್ತೇನೆ. ಸೋಂಕು ತಡೆಯಲು ಕಣ್ಣಿಗೆ ಹಾಕುವ 5% ಪೊವಿಡೋನ್ ಅಯೋಡಿನ್‌ಗಿಂತ ಮೊದಲು ಜೆಲ್ಲಿ ಹಾಕಿದರೆ, ಅಯೋಡಿನ್ ಮೇಲ್ಮೈಗೆ ತಾಗದಂತೆ ಜೆಲ್ಲಿಯೇ ಅಡ್ಡ ನಿಲ್ಲುತ್ತದೆ. ನೋವು ಕಡಿಮೆ ಮಾಡಲು ಹೋಗಿ ಕಣ್ಣೊಳಗೆ ಸೋಂಕು ತಂದುಕೊಂಡ ಹಾಗಾಗುತ್ತದೆ. ಕ್ರಮ ಹೀಗಿರಬೇಕು: ಮೊದಲು ಒಂದೆರಡು ಹನಿ ಪ್ರೊಪಾರಕೇನ್, ಏಕೆಂದರೆ ಅಯೋಡಿನ್ ಉರಿಯುತ್ತದೆ. ಆಮೇಲೆ ಅಯೋಡಿನ್, ಅದಕ್ಕೆ ಮೂರು ನಿಮಿಷ ಸಮಯ. ಅದಾದ ಮೇಲೆ ಜೆಲ್ಲಿ.

ಒಳಗಿನ ನೋವಿಗೆ ಇದ್ದ ನೇರ ದಾರಿ, ಸಣ್ಣ ಗಾಯದ ಮೂಲಕ ಮುಂಭಾಗದ ಕೋಣೆಗೇ 1% ಲಿಡೋಕೇನ್ ಅರ್ಧ ಎಂ.ಎಲ್. ಬಿಡುವುದು. ಹನಿ ಒಂದನ್ನೇ ಹಾಕುವುದಕ್ಕಿಂತ ಜೊತೆಗೆ ಇದನ್ನೂ ಕೊಟ್ಟರೆ ಆಪರೇಷನ್ ವೇಳೆಯ ನೋವು ಕಡಿಮೆ ಎಂದು, ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಎಂಬ ಸಂಶೋಧನಾ ಸಂಸ್ಥೆಯ ಪರಿಶೀಲನೆ ಹೇಳುತ್ತದೆ. ವ್ಯತ್ಯಾಸ ದೊಡ್ಡದಲ್ಲ ಎಂದೂ ಹೇಳುತ್ತದೆ. ಎಲ್ಲ ರೋಗಿಗಳ ಸರಾಸರಿ ತೆಗೆದಾಗ ವ್ಯತ್ಯಾಸ ಸಣ್ಣದಾಗುವುದು ಸಹಜ, ಏಕೆಂದರೆ ಬಹಳ ಜನರಿಗೆ ಹನಿಯೇ ಸಾಕಾಗುತ್ತದೆ. ಅಮ್ಮನಂಥ ಕಣ್ಣಿಗೆ ಅದರ ಲಾಭ ಸರಾಸರಿಗಿಂತ ಹೆಚ್ಚಿರಬಹುದು ಎಂಬುದು ನಮ್ಮ ಊಹೆಯಾಗಿತ್ತು. ಊಹೆ ಎಂದೇ ಕರೆಯುತ್ತೇನೆ.

ಇಲ್ಲಿ ಬಾಟಲಿ ನೋಡಿಯೇ ತೆಗೆಯಬೇಕು. ವಾರ್ಡಿನಲ್ಲಿ ಹೊಲಿಗೆ ಹಾಕಲು ಬಳಸುವ, ಹಲವು ಸಲ ಸೂಜಿ ಹಾಕಿ ಎಳೆಯುವ ಲಿಡೋಕೇನ್ ಬಾಟಲಿಗಳಲ್ಲಿ ಕೆಡದಂತೆ ಇಡುವ ಮೀಥೈಲ್ ಪ್ಯಾರಾಬೆನ್ ಇರುತ್ತದೆ. ಅದು ಕಣ್ಣೊಳಗೆ ಹೋದರೆ ಕಾರ್ನಿಯಾದ ಒಳಪದರಕ್ಕೆ ಪೆಟ್ಟು. ಅಂಥದ್ದೇನೂ ಬೆರೆಸದ, ಒಬ್ಬರಿಗೇ ಬಳಸುವ ಆಂಪ್ಯೂಲ್ (ಮುಚ್ಚಿದ ಸಣ್ಣ ಸೀಸೆ) ಮಾತ್ರ ಕಣ್ಣೊಳಗೆ ಹೋಗಬೇಕು. ಮಸೂರದ ಕವಚದ ಹಿಂಭಾಗ ಹರಿದಿದ್ದರೆ ಅದನ್ನೂ ಕೊಡಬಾರದು. ಔಷಧ ಹಿಂದೆ ರೆಟಿನಾಗೆ (ಕಣ್ಣಿನ ಹಿಂಭಾಗದ ದೃಷ್ಟಿಪದರ) ತಲುಪಿ ದೃಷ್ಟಿ ತಾತ್ಕಾಲಿಕವಾಗಿ ಹೋಗಿಬಿಡಬಹುದು.

ಇನ್ನೊಂದು ಆಯ್ಕೆ ಸಬ್‌ಟೆನಾನ್ ಬ್ಲಾಕ್. ಚೂಪಲ್ಲದ, ಬಾಗಿದ ಕೊಳವೆಯಿಂದ ಕಣ್ಣಿನ ಹೊರಪದರದ ಕೆಳಗೆ ಔಷಧ ಬಿಡುತ್ತಾರೆ. ನೋವು ತಡೆಯುವುದರಲ್ಲಿ ಹನಿಗಿಂತ ಮೇಲು, ಉದ್ದದ ಕಣ್ಣಿಗೆ ಚೂಪು ಸೂಜಿಗಿಂತ ಸುರಕ್ಷಿತ. ಅಮ್ಮ ಸೇವಿಸುವ ಮಾತ್ರೆಗಳಿಂದ ಕಣ್ಣು ಕೆಂಪಾಗಿ ರಕ್ತ ಕಟ್ಟಬಹುದು, ಆದರೆ ಅದು ಕೆಲವು ದಿನಗಳಲ್ಲಿ ಹೋಗುತ್ತದೆ. ಇದನ್ನು ಮೊದಲ ಆಯ್ಕೆ ಮಾಡಬೇಕೇ ಎಂದು ನಮ್ಮಲ್ಲಿ ಚರ್ಚೆಯಾಯಿತು. ಒಬ್ಬ ಹಿರಿಯ ಸಹೋದ್ಯೋಗಿ ಇದೇ ಸರಿ ಎಂದರು, ಅವರ ವಾದದಲ್ಲಿ ತೂಕವಿತ್ತು. ಕೊನೆಗೆ ಅಮ್ಮನನ್ನೇ ಕೇಳಿದೆವು. ಕಣ್ಣಿನ ಹತ್ತಿರ ಕತ್ತರಿ, ಕೊಳವೆ ಎಂದ ಕೂಡಲೇ ಅವರು ಕೈ ಮುಗಿದರು. ಜೆಲ್ಲಿ ಮತ್ತು ಕಣ್ಣೊಳಗಿನ ಲಿಡೋಕೇನ್‌ನಿಂದ ಶುರು ಮಾಡುವುದು, ಸಾಲದಿದ್ದರೆ ಅಲ್ಲೇ ನಿಲ್ಲಿಸಿ ಸಬ್‌ಟೆನಾನ್ ಕೊಡುವುದು ಎಂದು ಅವರಿಗೂ ಹೇಳಿ ಒಪ್ಪಿಸಿದೆವು. ನಿದ್ದೆ ಬರುವಂಥ ಇಂಜೆಕ್ಷನ್ ಬೇಡವೆಂದು ಬಿಟ್ಟೆವು. ಎಚ್ಚರ ತಪ್ಪುತ್ತಾ ಇರುವ ರೋಗಿ ಒಮ್ಮೆಲೇ ತಲೆ ಎತ್ತಿಬಿಡಬಹುದು, ಹೃದಯದ ತೊಂದರೆ ಬೇರೆ ಇತ್ತು.

ಔಷಧದ ಜೊತೆಗೆ ಇನ್ನೆರಡು ತೀರ್ಮಾನ ಮಾಡಿದೆವು. ದ್ರವದ ಬಾಟಲಿಯನ್ನು ಕೆಳಗೆ ಇಟ್ಟು ಕಡಿಮೆ ಒತ್ತಡದಲ್ಲಿ ಶುರು ಮಾಡುವುದು. ಮತ್ತು ಅಮ್ಮನ ಕೈಯನ್ನು ಒಬ್ಬ ಸಿಸ್ಟರ್ ಹಿಡಿದಿರುವುದು. “ನೋವಾದರೆ ತಲೆ ಅಲ್ಲಾಡಿಸಬೇಡಿ, ಕೈ ಒತ್ತಿ. ನೀವು ಒತ್ತಿದರೆ ಡಾಕ್ಟ್ರು ನಿಲ್ಲಿಸ್ತಾರೆ” ಎಂದು ಮೊದಲೇ ಹೇಳಿ, ಎರಡು ಸಲ ಒತ್ತಿಸಿ ಅಭ್ಯಾಸ ಮಾಡಿಸಿದರು.

ಎರಡನೇ ಕಣ್ಣು

ಹನಿಯೇ ಹಾಕಿ ಎರಡೂ ಕಣ್ಣು ಮಾಡಿಸಿಕೊಂಡವರಲ್ಲಿ ಹಲವರು ಎರಡನೆಯದೇ ಹೆಚ್ಚು ನೋವಾಯಿತು ಎನ್ನುತ್ತಾರೆ. ಇದು ಬೇರೆ ಬೇರೆ ಕಡೆ ಅಧ್ಯಯನಗಳಲ್ಲೂ ಕಂಡಿದೆ. ಮೊದಲ ಸಲದಷ್ಟು ಆತಂಕ ಇರುವುದಿಲ್ಲ, ಗಮನವೆಲ್ಲ ಏನಾಗುತ್ತಿದೆ ಎಂಬುದರ ಮೇಲೇ ಇರುತ್ತದೆ ಎಂಬುದು ಒಂದು ವಿವರಣೆ. ಅಂದರೆ ಅಮ್ಮನ ವಿಷಯದಲ್ಲಿ ಲೆಕ್ಕ ನಮಗೆ ವಿರುದ್ಧವಾಗಿಯೇ ಇತ್ತು.

ಎರಡೂ ಕಣ್ಣಿಗೆ ಹನಿ ಹಾಕಿದೆವು. ಆಪರೇಷನ್ ಆಗದ ಕಣ್ಣು ಮಿಟುಕದಿದ್ದರೆ ಆಗುವ ಕಣ್ಣೂ ಸುಮ್ಮನಿರುತ್ತದೆ. ಅಯೋಡಿನ್ ಆಯಿತು, ಜೆಲ್ಲಿ ಆಯಿತು. ರೆಪ್ಪೆ ಅಗಲಿಸುವ ಕ್ಲಿಪ್ ಹಾಕಿದಾಗ ಅಮ್ಮ ಮುಖ ಗಂಟಿಕ್ಕಿದರು. ರೆಪ್ಪೆಯನ್ನು ಹನಿ ಮರಗಟ್ಟಿಸುವುದಿಲ್ಲ, ಅದನ್ನೂ ಮುಂಚೆಯೇ ಹೇಳಿದ್ದೆವು. ಮೈಕ್ರೋಸ್ಕೋಪಿನ ಬೆಳಕನ್ನು ಸ್ವಲ್ಪ ಸ್ವಲ್ಪವೇ ಏರಿಸಲಾಯಿತು. ಜೆಲ್ಲಿ ತೊಳೆದು, ಸಣ್ಣ ಗಾಯ ಮಾಡಿ, ಒಳಗೆ ಲಿಡೋಕೇನ್ ಬಿಟ್ಟು ಅರ್ಧ ನಿಮಿಷ ಕಾದೆವು.

ಫೇಕೋ ಸಲಕರಣೆ ಒಳಗೆ ಹೋಯಿತು. ದ್ರವ ಹರಿಯಿತು. ಒತ್ತಡ ಕಡಿಮೆ ಇಟ್ಟಿದ್ದರೂ ಕೋಣೆ ಆಳವಾಗತೊಡಗಿತು. ಸಿಸ್ಟರ್ ತಕ್ಷಣ ಹೇಳಿದರು: “ಸರ್, ಕೈ ಒತ್ತುತ್ತಾ ಇದ್ದಾರೆ.”

ಸರ್ಜನ್ ಅಲ್ಲೇ ನಿಂತರು. ಇನ್ನೊಂದಷ್ಟು ಔಷಧ ಬಿಡುವುದು ಸುಲಭದ ದಾರಿಯಾಗಿತ್ತು, ಸಿರಿಂಜ್ ಪಕ್ಕದಲ್ಲೇ ಇತ್ತು. ಅವರು ಔಷಧಕ್ಕೆ ಕೈ ಹಾಕಲಿಲ್ಲ. ಪಕ್ಕದ ಗಾಯದಿಂದ ಎರಡನೇ ಸಲಕರಣೆಯನ್ನು ಒಳಗೆ ತಂದು, ಐರಿಸ್‌ನ ಅಂಚನ್ನು ಮಸೂರದ ಕವಚದಿಂದ ಮೆಲ್ಲಗೆ ಮೇಲೆತ್ತಿದರು. ದ್ರವಕ್ಕೆ ಹಿಂದಕ್ಕೆ ಹರಿಯಲು ದಾರಿ ಸಿಕ್ಕಿತು. ಕೋಣೆ ಕಣ್ಣೆದುರೇ ಮೊದಲಿನ ಆಳಕ್ಕೆ ಬಂತು, ಪಾಪೆ ತನ್ನ ಅಳತೆಗೆ ಮರಳಿತು. “ಕೈ ಬಿಟ್ಟರು ಸರ್” ಎಂದರು ಸಿಸ್ಟರ್.

ಆಮೇಲೆ ಲೆನ್ಸ್ ಹಾಕುವವರೆಗೂ ಅಮ್ಮ ಕೈ ಒತ್ತಲಿಲ್ಲ. ಸಬ್‌ಟೆನಾನ್ ಬೇಕಾಗಲಿಲ್ಲ. ನಾಡಿಬಡಿತ 90 ದಾಟಲಿಲ್ಲ.

ಈ ಸಲ ಸಿಸ್ಟರ್ ‘ನೋವಾಯ್ತಾ’ ಎಂದಷ್ಟೇ ಕೇಳಿ ಬಿಡಲಿಲ್ಲ. ಯಾವಾಗ ಯಾವಾಗ ಆಯ್ತು, ಎಷ್ಟೆಷ್ಟು ರೂಪಾಯಿ ಎಂದು ಹಂತಹಂತವಾಗಿ ಕೇಳಿದರು. ಕ್ಲಿಪ್ ಹಾಕುವಾಗ ಎರಡು, ನೀರು ಬಿಟ್ಟಾಗ ನಾಲ್ಕು, ಆಮೇಲೆ ಒಂದು. “ನಾಲ್ಕು ಆದ್ರೂ ಪರವಾಗಿಲ್ಲ, ಕೈ ಒತ್ತಿದ ತಕ್ಷಣ ನಿಲ್ಸಿದ್ರಲ್ಲ” ಎಂದರು ಅಮ್ಮ. ಮರುದಿನ ಕಾರ್ನಿಯಾ ಸ್ವಚ್ಛವಾಗಿತ್ತು. ಕೆಲವು ವಾರಗಳ ನಂತರ ಎರಡೂ ಕಣ್ಣಿಗೆ ಹೊಂದುವ ತೆಳು ಕನ್ನಡಕ ಬಂತು.

ಇದರಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು

ಏಳು ನಾಲ್ಕಕ್ಕೆ ಇಳಿದದ್ದು ಯಾವುದರಿಂದ? ಜೆಲ್ಲಿಯಿಂದಲೋ, ಕಣ್ಣೊಳಗಿನ ಲಿಡೋಕೇನ್‌ನಿಂದಲೋ, ಕಡಿಮೆ ಒತ್ತಡದಿಂದಲೋ, ಕೈ ಹಿಡಿದಿದ್ದರಿಂದಲೋ? ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರಿಂದ ಬಿಡಿಸಿ ಹೇಳಲು ಆಗುವುದಿಲ್ಲ. ಒಬ್ಬ ರೋಗಿಯ ಎರಡು ಕಣ್ಣಿನಿಂದ ಜೆಲ್ಲಿ ಹನಿಗಿಂತ ಮೇಲು ಎಂದು ಯಾರಾದರೂ ಬರೆದರೆ ಒಪ್ಪಬೇಡಿ. ಆದರೆ ನಾಲ್ಕು ಒಂದಕ್ಕೆ ಇಳಿದದ್ದು ಮಾತ್ರ ಐರಿಸ್ ಎತ್ತಿದ್ದರಿಂದ ಎಂದು ಹೇಳುವ ಧೈರ್ಯ ನನಗಿದೆ. ಆ ಗಳಿಗೆಯಲ್ಲಿ ಬದಲಾದದ್ದು ಅದೊಂದೇ, ಔಷಧದ ಒಂದು ಹನಿಯೂ ಹೆಚ್ಚಾಗಿರಲಿಲ್ಲ.

ಅದಕ್ಕೇ ಈಗ ಯಾವ ಹನಿ ಒಳ್ಳೆಯದು ಎಂದು ಕೇಳುವ ಕಿರಿಯರಿಗೆ, ನೋವು ಯಾವ ಹೊತ್ತಿಗೆ ಬಂತು ಎಂದು ಮೊದಲು ಕೇಳಿ ಎನ್ನುತ್ತೇನೆ. ಹನಿ ಹಾಕುವಾಗಲೇ ಉರಿದರೆ ಹನಿ ಬದಲಿಸಿ. ಕೊನೆಗೆ ಗಾಯ ಮುಚ್ಚುವಾಗ ನೋವಾದರೆ ಹನಿಯ ಅವಧಿ ಮುಗಿದಿರುತ್ತದೆ, ಜೆಲ್ಲಿ ಸಹಾಯ ಮಾಡುತ್ತದೆ. ಐರಿಸ್ ಮುಟ್ಟುವಾಗ ನೋವಾದರೆ ಒಳಗೆ ಲಿಡೋಕೇನ್ ಬೇಕು. ದ್ರವ ಬಿಟ್ಟ ಕೂಡಲೇ ಒಳಕ್ಕೆ ಜಗ್ಗಿದಂತಾದರೆ ಔಷಧಕ್ಕಿಂತ ಮೊದಲು ಕೋಣೆಯ ಆಳ ನೋಡಿ.

ನಮ್ಮ ಆಪರೇಷನ್ ಥಿಯೇಟರಿನಲ್ಲಿ ಕೆಲವು ಅಭ್ಯಾಸಗಳು ಬದಲಾದವು. ಕಣ್ಣಿನ ಉದ್ದ ಜಾಸ್ತಿ ಇರುವವರ ಹೆಸರಿನ ಮುಂದೆ ಪಟ್ಟಿಯಲ್ಲೇ ಗುರುತು ಹಾಕುತ್ತೇವೆ. ಅವರಿಗೆ ಮತ್ತು ಪಾಪೆ ಸರಿಯಾಗಿ ಅಗಲವಾಗದವರಿಗೆ ಕಣ್ಣೊಳಗಿನ ಲಿಡೋಕೇನ್ ಮೊದಲಿನಿಂದಲೇ ಸಿದ್ಧ. ಉಳಿದವರಿಗೆ ಪ್ರೊಪಾರಕೇನ್ ಹನಿಯೇ ಇವತ್ತಿಗೂ ನಮ್ಮ ಮೊದಲ ಆಯ್ಕೆ, ಬಹುತೇಕರಿಗೆ ಅದು ಸಾಕು. ಕೈ ಹಿಡಿಯುವ ಸಿಸ್ಟರ್ ಎಲ್ಲರಿಗೂ. ಕಿವಿ ಕೇಳದವರು, ಮರೆವು ಇರುವವರು, ಹೇಳಿದ್ದು ಗ್ರಹಿಸಲು ಆಗದಷ್ಟು ಹೆದರಿದವರು ಬಂದಾಗ ಹನಿಯ ಹಟ ಹಿಡಿಯುವುದಿಲ್ಲ. ಅವರಿಗೆ ಸಬ್‌ಟೆನಾನ್ ಕೊಡುತ್ತೇವೆ, ಏಕೆಂದರೆ ನೋವಾದಾಗ ಕೈ ಒತ್ತಿ ತಿಳಿಸುವ ದಾರಿ ಅವರಿಗೆ ಇರುವುದಿಲ್ಲ.